ಪ್ರತಿಕ್ರಿಯೆ: ಅಂಗಡೀಲಿ ಚೆನ್ನಾಗಿತ್ತು, ಮನೇಲಿ ಬರೀ ಗುಂಯ್
ತುಮಕೂರಿನ ಅಂಗಡೀಲಿ ಇಷ್ಟವಾದ ಸಬ್‌ವೂಫರ್ (ತಗ್ಗಿನ, ದಪ್ಪ ಸದ್ದಿಗೇ ಇರೋ ಸ್ಪೀಕರ್) ಶಿರಾ ಗೇಟ್ ಮನೇಲಿ 12 ಅಡಿ ಉದ್ದದ ರೂಮಲ್ಲಿ ಬರೀ ಗುಂಯ್ ಅಂತಿದೆ, ಬದಲಾಯಿಸಲಾ ಅಂದಿದ್ದೀರಿ. ಈಗಲೇ ಬೇಡ ಸರ್. ಆ ಉದ್ದಕ್ಕೆ 47 ಹರ್ಟ್ಜ್ (ಸೆಕೆಂಡಿಗೆ 47 ಕಂಪನ) ಸುತ್ತಮುತ್ತಲ ತಗ್ಗಿನ ಸದ್ದು ಗೋಡೆಗಳ ನಡುವೆ ಉಬ್ಬುತ್ತೆ, ಮೂಲೇಲಿಟ್ಟರೆ ಇನ್ನೂ ಜಾಸ್ತಿ. ಸಬ್‌ವೂಫರನ್ನ ನೀವು ಕೂರೋ ಜಾಗದಲ್ಲಿಟ್ಟು, ಬೇಸ್ ಗಿಟಾರ್ ಇರೋ ಹಾಡು ಹಾಕಿ, ಗೋಡೆ ಪಕ್ಕ ನೆಲಮಟ್ಟದಲ್ಲಿ ತೆವಳ್ತಾ ಕೇಳಿ. ಮನೆಯವರು ನಕ್ಕರೆ ನಗಲಿ. ಪ್ರತಿ ಸ್ವರವೂ ಒಂದೇ ಸಮ ಕೇಳೋ ಕಡೆ ಅದನ್ನಿಡಿ. ಕ್ರಾಸ್‌ಓವರ್, ಅಂದ್ರೆ ಎಷ್ಟು ಹರ್ಟ್ಜ್‌ಗಿಂತ ಕೆಳಗಿನ ಸದ್ದು ಸಬ್‌ವೂಫರಿಗೆ ಹೋಗ್ಬೇಕು ಅನ್ನೋ ಗಡಿ, 80 ಹರ್ಟ್ಜ್‌ನಿಂದ ಶುರುಮಾಡಿ. ವಾರ್ತೆ ಹಾಕಿದಾಗ ಗಂಡಸಿನ ದನಿ ಡಬ್ಬದೊಳಗಿಂದ ಬಂದಂತಿದ್ರೆ ಇನ್ನೂ ಇಳಿಸಿ. ಫೇಸ್ ಸ್ವಿಚ್ (ಸಬ್‌ವೂಫರಿನ ಅಲೆಯನ್ನ ಉಳಿದ ಸ್ಪೀಕರ್‌ಗಳ ಜೊತೆ ಹೊಂದಿಸೋ ಗುಂಡಿ) 0, 180 ಡಿಗ್ರಿ ಎರಡರಲ್ಲೂ ಕೇಳಿ, ಬೇಸ್ (ತಗ್ಗಿನ ಸದ್ದು) ತುಂಬಿ ಬರೋ ಕಡೆ ಬಿಡಿ. ಆಮೇಲೂ ಬೇರೆ ಸೆಟ್ ನೋಡೋದಾದ್ರೆ, ಅಂಗಡೀಲಿ ಹೋಲಿಸೋ ಎರಡೂ ಸೆಟ್‌ಗಳ ಸದ್ದನ್ನ ಒಂದೇ ಮಟ್ಟಕ್ಕೆ ಇಡಿಸಿ. ತುಸು ಜೋರಾಗಿರೋದೇ ಚೆನ್ನಾಗಿದೆ ಅನ್ನಿಸಿಬಿಡುತ್ತೆ.