ಅಮೆರಿಕದ ಸಣ್ಣ ಲಿಬರಲ್ ಆರ್ಟ್ಸ್ ಕಾಲೇಜಿನಲ್ಲಿ ಓದು, ಗೆಳೆತನ ಎರಡನ್ನೂ ನಿಭಾಯಿಸೋದು ಹೇಗೆ?

ವಾರದಲ್ಲಿ ಓದಿಗೆ ಎಷ್ಟು ಗಂಟೆ, ಗೆಳೆಯರಿಗೆ ಎಷ್ಟು ಗಂಟೆ ಇಡಬೇಕು ಅಂತ ಕೇಳಿದ್ದೀರಿ. ಆ ಟೈಮ್‌ಟೇಬಲ್ ನಾನೂ ಬರೆದಿದ್ದೆ. ರೂಮಿನ ಗೋಡೆಗೆ ಅಂಟಿಸಿಯೂ ಇದ್ದೆ. ದಯವಿಟ್ಟು ನೀವು ಬರೆಯಬೇಡಿ.

ನಾನು ಓದಿದ್ದು ಅಮೆರಿಕದ ಮಿಡ್‌ವೆಸ್ಟ್‌ನ ಒಂದು ಪುಟ್ಟ ಊರಿನಲ್ಲಿ. ಸುತ್ತ ಮೆಕ್ಕೆಜೋಳದ ಹೊಲ. ಲಿಬರಲ್ ಆರ್ಟ್ಸ್ ಕಾಲೇಜು ಅಂದರೆ ಸೈನ್ಸ್, ಆರ್ಟ್ಸ್ ಎಲ್ಲವನ್ನೂ ಡಿಗ್ರಿ ಮಟ್ಟದಲ್ಲಿ ಕಲಿಸುವ ಕಾಲೇಜು. ನಮ್ಮ ಇಡೀ ಕಾಲೇಜಿಗೆ 2,000 ಜನರೂ ಇರಲಿಲ್ಲ. ಸೆಮಿಸ್ಟರ್ ಇಲ್ಲ, 10 ವಾರದ ಟರ್ಮು, ಟರ್ಮಿಗೆ 3 ಕೋರ್ಸು. ಮೂರೇ ಅಲ್ವಾ ಅನ್ನಿಸುತ್ತದೆ. ಆದರೆ ನಾಲ್ಕನೇ ವಾರಕ್ಕೇ ಮಿಡ್‌ಟರ್ಮ್ ಬಂದು ನಿಲ್ಲುತ್ತದೆ. ಒಂದು ವಾರ ಜ್ವರ ಅಂತ ಮಲಗಿದರೆ ಟರ್ಮಿನ ಹತ್ತರಲ್ಲಿ ಒಂದು ಪಾಲು ಹೋಯಿತು ಅಂತಲೇ ಲೆಕ್ಕ.

ನಾನು ಅಲ್ಲಿಗೆ ಹೋಗಿದ್ದು ದಕ್ಷಿಣ ಕನ್ನಡದ ಒಂದು ಪಿಯು ಹಾಸ್ಟೆಲ್‌ನಿಂದ. ಸ್ಟಡಿ ಅವರ್‌ನಲ್ಲಿ ಪಕ್ಕದವರ ಹತ್ತಿರ ಮಾತಾಡಿದರೆ ವಾರ್ಡನ್ ಎಬ್ಬಿಸಿ ನಿಲ್ಲಿಸುತ್ತಿದ್ದರು. ಓದು ಅಂದರೆ ಬಾಯಿ ಮುಚ್ಚಿ ಒಬ್ಬರೇ ಮಾಡುವ ಕೆಲಸ ಅಂತ ತಲೆಯಲ್ಲಿ ಕೂತುಬಿಟ್ಟಿತ್ತು. ಹಾಗಾಗಿ ಕೆಮಿಸ್ಟ್ರಿಯ ಪ್ರಾಬ್ಲಂ ಸೆಟ್ (ಬಿಡಿಸಿ ಒಪ್ಪಿಸಬೇಕಾದ ಲೆಕ್ಕಗಳ ಹೋಮ್‌ವರ್ಕ್) ಬಂದಾಗಲೆಲ್ಲ ರೂಮಿನ ಬಾಗಿಲು ಹಾಕಿಕೊಂಡು ಕೂರುತ್ತಿದ್ದೆ. ಕ್ಲಾಸಿನವರು ಲೈಬ್ರರಿಗೆ ಕರೆದರು. ನಾನು ಶನಿವಾರ ಸಿಗೋಣ ಅಂದೆ. ಶನಿವಾರ ಅವರೆಲ್ಲ ಮಲಗಿರುತ್ತಿದ್ದರು!

ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ನಮ್ಮ ಕಡೆಯಿಂದ ಹೋದವರು ಸಾಮಾನ್ಯವಾಗಿ ಎಡವುವುದೇ ಇಲ್ಲಿ. ಕೋರ್ಸಿನ ಮೊದಲ ಹಾಳೆಯಲ್ಲಿ 'ಒಟ್ಟಿಗೆ ಚರ್ಚಿಸಿ, ಉತ್ತರ ಮಾತ್ರ ನೀವೇ ಬರೆಯಿರಿ' ಅಂತಿತ್ತು. ನಾನು ಎರಡನೇ ಅರ್ಧ ಮಾತ್ರ ಓದಿದೆ. ಕೂಡಿ ಕೂತರೆ ಕಾಪಿ ಹೊಡೆದ ಹಾಗೆ ಅಂತ ಹೆದರಿಕೆ. ನನ್ನ ಇಂಗ್ಲಿಷ್ ಕೇಳಿ ನಕ್ಕಾರು ಅಂತ ಇನ್ನೊಂದು. ಪ್ರೊಫೆಸರ್ ಆಫೀಸ್ ಅವರ್ ಇಟ್ಟಿದ್ದರು, ಅಂದರೆ ಯಾರು ಬೇಕಾದರೂ ಅವರ ರೂಮಿಗೆ ಹೋಗಿ ಡೌಟ್ ಕೇಳುವ ಸಮಯ, ಆದರೆ ಡೌಟ್ ಕೇಳೋದು ದಡ್ಡರ ಕೆಲಸ ಅಂತ ಅತ್ತ ಹೋಗಲೇ ಇಲ್ಲ. ಅದೂ ನಮ್ಮಲ್ಲೇ ಕಲಿತಿದ್ದು. ಅಷ್ಟಾದರೂ ಗ್ರೇಡು ಚೆನ್ನಾಗಿಯೇ ಬಂತು, ಅದೇ ನನ್ನನ್ನು ಹಾಳು ಮಾಡಿತು. ಕಡಿಮೆ ಬಂದಿದ್ದರೆ ಬೇಗ ಬುದ್ಧಿ ಬರುತ್ತಿತ್ತು.

ಪೆಟ್ಟು ಬಿದ್ದದ್ದು ಚಳಿಗಾಲದಲ್ಲಿ, ಬೇಸಿಗೆ ರಿಸರ್ಚ್‌ಗೆ ಅರ್ಜಿ ಹಾಕಿದಾಗ. ಇಂಥ ಕಾಲೇಜುಗಳಲ್ಲಿ ಸಾಮಾನ್ಯವಾಗಿ ಪಿಎಚ್‌ಡಿ ಮಾಡುವ ವಿದ್ಯಾರ್ಥಿಗಳು ಇರುವುದಿಲ್ಲ. ಲ್ಯಾಬ್ ನಡೆಯುವುದೇ ನಮ್ಮಂಥ ಡಿಗ್ರಿ ವಿದ್ಯಾರ್ಥಿಗಳಿಂದ. ಅಷ್ಟು ದುಡ್ಡು ಕೊಟ್ಟು ಸಣ್ಣ ಕಾಲೇಜಿಗೆ ಹೋಗುವುದೂ ಇದಕ್ಕೇ. ಪ್ರೊಫೆಸರ್ ನನಗಿಂತ ಕಡಿಮೆ ಗ್ರೇಡಿನ ಹುಡುಗಿಯನ್ನು ಆರಿಸಿಕೊಂಡರು. ಕಾರಣ ಕೇಳಿದೆ. ನಿನ್ನ ಸರಿ ಉತ್ತರ ಮಾತ್ರ ನೋಡಿದ್ದೇನೆ, ನೀನು ಎಲ್ಲಿ ಸಿಕ್ಕಿಹಾಕಿಕೊಳ್ಳುತ್ತೀ, ಸಿಕ್ಕಿಕೊಂಡಾಗ ಏನು ಮಾಡುತ್ತೀ ಅನ್ನೋದು ಗೊತ್ತಿಲ್ಲ ಅಂದರು. ಆ ಹುಡುಗಿ ಪ್ರತಿ ವಾರ ಅವರ ಮುಂದೆ ಕೂತು ತಪ್ಪು ಮಾಡುತ್ತಿದ್ದಳು. ಆಗ ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಈಗ ನಾನೇ ಜನರನ್ನು ಕೆಲಸಕ್ಕೆ ಆರಿಸುತ್ತೇನೆ, ಆ ಪ್ರೊಫೆಸರ್ ಮಾಡಿದ್ದು ಸರಿ.

ಅಷ್ಟು ಹೊತ್ತಿಗೆ ಊಟದ ಹಾಲಿನಲ್ಲಿ ಯಾರು ಯಾರ ಜೊತೆ ಅಂತ ಮೇಜುಗಳೂ ಗಟ್ಟಿಯಾಗಿಬಿಟ್ಟಿದ್ದವು. ರಾತ್ರಿ ಲೈಬ್ರರಿಯಲ್ಲಿ ಬೆಂಜೀನ್ ಬರೆದವರೇ ಬೆಳಿಗ್ಗೆ ಒಟ್ಟಿಗೆ ತಿಂಡಿಗೆ ಬರುತ್ತಿದ್ದರು. ಓದನ್ನು ಉಳಿಸಿಕೊಳ್ಳಲು ಗೆಳೆಯರನ್ನು ದೂರ ಇಟ್ಟೆ ಅಂದುಕೊಂಡಿದ್ದೆ. ಓದು ನಡೆಯುತ್ತಿದ್ದದ್ದೂ ಅಲ್ಲೇ!

ಆದ್ದರಿಂದ ನಿಮ್ಮ 'ಬ್ಯಾಲೆನ್ಸ್' ಅನ್ನೋ ಮಾತೇ ನನಗೆ ಒಪ್ಪಿಗೆಯಿಲ್ಲ. 40,000 ಜನರ ಯೂನಿವರ್ಸಿಟಿಯಲ್ಲಾದರೆ ಎರಡನ್ನೂ ಬೇರೆ ಬೇರೆ ಇಡಬಹುದೇನೋ. ಇಲ್ಲಿ ಲ್ಯಾಬಿನವರೇ ಬಟ್ಟೆ ಒಗೆಯೋ ಮೆಷಿನ್ ಹತ್ತಿರವೂ ಸಿಗುತ್ತಾರೆ. ಬಾಗಿಲು ಹಾಕಿ ಓದಬೇಡಿ, ಅಷ್ಟೆ. ಪಾರ್ಟಿಗೆ ಹೋಗದಿದ್ದರೆ ಏನೂ ಕಳೆದುಕೊಳ್ಳುವುದಿಲ್ಲ, ಪ್ರಾಬ್ಲಂ ಸೆಟ್ ಗುಂಪು ತಪ್ಪಿಸಿದರೆ ಕಳೆದುಕೊಳ್ಳುತ್ತೀರಿ. ಸಣ್ಣ ಜಾಗದ ಕಷ್ಟವೂ ಇದೆ ಅನ್ನಿ. ಒಬ್ಬರ ಜೊತೆ ಜಗಳವಾದರೆ ದಿನಕ್ಕೆ ಮೂರು ಸಲ ಅವರ ಮುಖ ನೋಡಬೇಕು.

ಅದಕ್ಕೆ, ಬೇರೆ ಜನರೂ ಸಿಗಲಿ ಅಂತ, ಕ್ಯಾಂಪಸ್‌ನಲ್ಲೇ ಒಂದು ಕೆಲಸ ಹಿಡಿಯಿರಿ. ಎಫ್-1 ಅನ್ನೋ ವಿದ್ಯಾರ್ಥಿ ವೀಸಾದಲ್ಲಿ ಕ್ಲಾಸು ನಡೆಯುವಾಗ ವಾರಕ್ಕೆ 20 ಗಂಟೆವರೆಗೆ ಕ್ಯಾಂಪಸ್ ಒಳಗೆ ದುಡಿಯಬಹುದು. ಅಷ್ಟು ಮಾಡಬೇಡಿ, ಏಳೆಂಟು ಗಂಟೆ ಸಾಕು. ನಾನು ಡೈನಿಂಗ್ ಹಾಲಿನಲ್ಲಿ ಪಾತ್ರೆ ತೊಳೆದೆ. ನನ್ನ ಮೊದಲ ನಿಜವಾದ ಗೆಳೆಯ ಸಿಕ್ಕಿದ್ದು ಆ ಸಿಂಕಿನ ಹತ್ತಿರ. ಅಮ್ಮನಿಗೆ ಮಾತ್ರ ಬಹಳ ದಿನ ಹೇಳಲಿಲ್ಲ, ಪಾತ್ರೆ ತೊಳೆಯೋಕೆ ಅಲ್ಲಿಯವರೆಗೆ ಕಳಿಸಿದ್ವಾ ಅಂತಾರೆ ಅಂತ.

ಯಾವ ಕಾಲೇಜು ಅಂತ ನೀವು ಬರೆದಿಲ್ಲ, ಅದು ಮುಖ್ಯ. ಸ್ವಾರ್ತ್‌ಮೋರ್‌ನಲ್ಲಿ ಮೊದಲ ಸೆಮಿಸ್ಟರ್‌ಗೆ ಟ್ರಾನ್ಸ್‌ಕ್ರಿಪ್ಟ್‌ನಲ್ಲಿ (ನಮ್ಮ ಮಾರ್ಕ್ಸ್ ಕಾರ್ಡ್ ಥರದ್ದು) ಗ್ರೇಡ್ ಬರುವುದಿಲ್ಲ, ಪಾಸಾದರೆ ಆಯಿತು. ಅಂಥದ್ದಾದರೆ ಕಷ್ಟದ ಕೋರ್ಸ್ ಆಗಲೇ ತಗೊಳ್ಳಿ. ಕಾರ್ಲ್‌ಟನ್ ಥರದ 10 ವಾರದ ಟರ್ಮಾದರೆ ಮೊದಲ ಸಲವೇ ಎರಡು ಲ್ಯಾಬ್ ಕೋರ್ಸ್ ಒಟ್ಟಿಗೆ ಹಾಕಿಕೊಳ್ಳಬೇಡಿ. ವಾರಕ್ಕೆ ಎರಡು ಮಧ್ಯಾಹ್ನ ಪೂರ್ತಿ ಹೋಗುತ್ತವೆ, ರಿಪೋರ್ಟ್ ಬರೆಯೋ ರಾತ್ರಿಗಳು ಬೇರೆ. ಕಾಮೆಂಟ್‌ನಲ್ಲಿ ಹೆಸರು ಹಾಕಿ, ಕೋರ್ಸ್ ಆರಿಸೋಕೆ ಸಹಾಯ ಮಾಡುತ್ತೇನೆ.