ತಿಂಗಳ ದುಡ್ಡು ಒಲೆಗೆ, ಇಡಿಗಂಟು ಸೂರಿಗೆ

ಹಾವೇರಿ ಕಡೆಯ ಹಳ್ಳಿಯಿಂದ ನಿವೃತ್ತ ಮಾಸ್ತರೊಬ್ಬರು ಬರೆದಿದ್ದಾರೆ: ‘ಬಡವರ ಕೈಗೆ ದುಡ್ಡು ಕೊಟ್ಟರೆ ಮನೆ ಸುಧಾರಿಸುತ್ತದೆ ಎಂದು ಕಳೆದ ಸಂಚಿಕೆಯಲ್ಲಿ ಬರೆದಿರಿ. ನಮ್ಮೂರಲ್ಲಿ ಗೃಹಲಕ್ಷ್ಮಿಯ 2,000 ರೂಪಾಯಿ ಬರುತ್ತಿದೆ, ಮನೆಗಳು ಸೋರುತ್ತಲೇ ಇವೆ. ಪಕ್ಕದ ಮನೆಯ ಅಜ್ಜಿ ಇನ್ನೂ ತಾಡಪತ್ರಿಯ ಕೆಳಗೇ ಮಲಗುತ್ತಾಳೆ. ದುಡ್ಡು ಕುಡಿತಕ್ಕೆ ಹೋಗುತ್ತದೆ. ಸರ್ಕಾರವೇ ಮನೆ ಕಟ್ಟಿ ಕೀಲಿಕೈ ಕೊಡಲಿ.’

ಮಾಸ್ತರೇ, ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಸೋರುವ ಮನೆ ಎಂದರೇನು ಎಂದು ನನಗೂ ಗೊತ್ತು. ನಾನು ಬೆಳೆದದ್ದು ಮಲೆನಾಡಿನ ಸೋಗೆ ಮನೆಯಲ್ಲಿ. ಪ್ರತಿ ವರ್ಷ ಮಳೆಗಾಲಕ್ಕೆ ಮುಂಚೆ ಹೊಸ ಸೋಗೆ ಹೊದಿಸಬೇಕು, ಆಳು ಕರೆಯಬೇಕು. ಹಂಚು ಹಾಕಿಸಿದ್ದರೆ ಆ ಖರ್ಚು ಉಳಿಯುತ್ತಿತ್ತು. ಅಪ್ಪನಿಗೆ ಅದು ತಿಳಿಯದೇ ಇರಲಿಲ್ಲ. ಹಂಚಿಗೆ ಬೇಕಾದಷ್ಟು ಹಣ ಒಟ್ಟಿಗೆ ಕೈಗೆ ಬರಲೇ ಇಲ್ಲ, ಅಷ್ಟೇ.

ಕಳೆದ ಸಂಚಿಕೆಯಲ್ಲಿ ಕೀನ್ಯಾದ ಉದಾಹರಣೆ ಕೊಟ್ಟದ್ದು ಅದಕ್ಕೇ. ಆ ದೇಶದ ಪಶ್ಚಿಮಕ್ಕೆ, ವಿಕ್ಟೋರಿಯಾ ಸರೋವರದ ಬಳಿ, ರಾರಿಯೆಡಾ ಎಂಬ ಪ್ರದೇಶವಿದೆ. ಗಿವ್‌ಡೈರೆಕ್ಟ್‌ಲಿ ಎಂಬ ಸಂಸ್ಥೆ ಅಲ್ಲಿ ಹುಲ್ಲಿನ ಸೂರಿನ ಮನೆಗಳನ್ನೇ ಹುಡುಕಿ, ಎಂ-ಪೆಸಾ ಮೂಲಕ ಮೊಬೈಲಿಗೆ ಹಣ ಕಳಿಸಿತು. ಇಂಥದ್ದಕ್ಕೇ ಖರ್ಚು ಮಾಡಿ ಎಂದು ಹೇಳಲಿಲ್ಲ. ಕೆಲವರಿಗೆ 25,200 ಶಿಲ್ಲಿಂಗ್, ಕೆಲವರಿಗೆ 95,200. ಕೆಲವು ಮನೆಗಳಲ್ಲಿ ಹೆಂಡತಿಗೆ, ಕೆಲವಲ್ಲಿ ಗಂಡನಿಗೆ. 2011ರಿಂದ 2013ರವರೆಗೆ ಸಂಶೋಧಕರು ಇದರ ಪರಿಣಾಮ ನೋಡಿದರು. ಹಣ ಸಿಗದವರಿಗೆ ಹೋಲಿಸಿದರೆ, ಸಿಕ್ಕವರಲ್ಲಿ ನೂರಕ್ಕೆ ಇಪ್ಪತ್ತಕ್ಕೂ ಹೆಚ್ಚು ಮನೆಗಳು ಜಾಸ್ತಿ ತಗಡಿನ ಸೂರು ಕಂಡವು. ‘ಮಬಾಟಿ’ ಎನ್ನುತ್ತಾರೆ ಅಲ್ಲಿ ಆ ತಗಡಿಗೆ. ಹುಲ್ಲು ಕೊಳೆತಾಗಲೆಲ್ಲ ಮತ್ತೆ ಹೊದಿಸುವ ಖರ್ಚು ನಿಂತಿತು. ಹೆಂಡ, ತಂಬಾಕಿನ ಖರ್ಚು ಹೆಚ್ಚಿರಲಿಲ್ಲ. ನಿಮ್ಮ ಕುಡಿತದ ಭಯ ಸಹಜವೇ, ಆದರೆ ಅಲ್ಲಿ ಅದು ನಿಜವಾಗಲಿಲ್ಲ.

ಇನ್ನೊಂದು ಮಾತನ್ನು ಕಳೆದ ಸಲವೇ ಬರೆಯಬೇಕಿತ್ತು. ಅದೇ ಹಣವನ್ನು ಕೆಲವರಿಗೆ ಒಂಬತ್ತು ತಿಂಗಳ ಕಂತಿನಲ್ಲಿ, ಕೆಲವರಿಗೆ ಇಡಿಗಂಟಾಗಿ ಕೊಟ್ಟಿದ್ದರು. ಕಂತು ಸಿಕ್ಕವರ ಮನೆಯಲ್ಲಿ ಊಟ ಸುಧಾರಿಸಿತು. ಇಡಿಗಂಟು ಸಿಕ್ಕವರು ಬಾಳಿಕೆ ಬರುವ ವಸ್ತುಗಳಿಗೆ, ಸೂರಿಗೆ ಹಾಕಿದರು. ಗೃಹಲಕ್ಷ್ಮಿ ಬಂದರೂ ನಿಮ್ಮೂರಿನ ಮನೆಗಳು ಏಕೆ ಸೋರುತ್ತಿವೆ ಎಂಬುದಕ್ಕೆ ಉತ್ತರ ಇದರಲ್ಲೇ ಇದೆ ಅಲ್ವಾ? ಆ 2,000 ಅಕ್ಕಿ, ಎಣ್ಣೆ, ಔಷಧಿಗೆ ಹೋಗುತ್ತದೆ. ಹೋಗಲೇಬೇಕು. ಅದರಲ್ಲಿ ತಗಡು ಕೊಳ್ಳಲಿಲ್ಲ ಎಂದು ಆ ಹೆಂಗಸರನ್ನು ದೂರುವುದು ನ್ಯಾಯವಲ್ಲ.

ಸರ್ಕಾರವೇ ಕಟ್ಟಿಕೊಡಲಿ ಎಂಬುದನ್ನು ನಾನು ಒಪ್ಪುವುದಿಲ್ಲ. ಗುತ್ತಿಗೆದಾರ ಕಟ್ಟಿದ ಮನೆಯಲ್ಲಿ ಒಲೆ ಎಲ್ಲಿರಬೇಕು, ದನ ಎಲ್ಲಿ ಕಟ್ಟಬೇಕು ಎಂದು ಯಾರು ಕೇಳುತ್ತಾರೆ? ಪ್ರಧಾನಮಂತ್ರಿ ಆವಾಸ್ ಗ್ರಾಮೀಣ ಯೋಜನೆಯಲ್ಲಿ 2016ರಿಂದ ಬಯಲು ಪ್ರದೇಶಕ್ಕೆ 1.20 ಲಕ್ಷ ರೂಪಾಯಿ ನೇರ ಖಾತೆಗೇ ಬರುತ್ತದೆ, ಮನೆಯವರೇ ಕಟ್ಟಿಸಿಕೊಳ್ಳುತ್ತಾರೆ. ಕಂತು ತಡವಾದರೆ ಮಾತ್ರ ಗೋಡೆ ಅರ್ಧಕ್ಕೇ ನಿಂತು, ಬಡ್ಡಿ ಸಾಲ ಶುರುವಾಗುತ್ತದೆ. ನಾವು ಜಗಳ ಆಡಬೇಕಾದ್ದು ಅದರ ಬಗ್ಗೆ. ಸ್ವಂತ ಜಾಗವೇ ಇಲ್ಲದವರಿಗೆ ಮೊದಲು ನಿವೇಶನ ಬೇಕು, ಅಲ್ಲಿ ಬರೀ ದುಡ್ಡು ಸಾಲದು.

ಆ ಅಜ್ಜಿಯ ವಿಷಯ. ಅವರ ಹೆಸರು ವಸತಿ ಪಟ್ಟಿಯಲ್ಲಿದೆಯಾ ಎಂದು ಪಂಚಾಯಿತಿಯಲ್ಲಿ ದಯವಿಟ್ಟು ವಿಚಾರಿಸಿ. ಇಲ್ಲದಿದ್ದರೆ ಮುಂದಿನ ಗ್ರಾಮಸಭೆಯಲ್ಲಿ ನೀವೇ ಎದ್ದು ಕೇಳಿ, ಮಾಸ್ತರೇ. ಊರವರು ನಿಮ್ಮ ಮಾತು ಕೇಳುತ್ತಾರೆ. ಏನಾಯಿತೆಂದು ನನಗೂ ಬರೆಯಿರಿ.

– ಸಂಪಾದಕ