ಫ್ಯಾನಿನ ಸ್ವಿಚ್ ಬಿಟ್ಟು ಬಾರದ ಮಗ

ಪ್ರಶ್ನೆ: ಮಗನಿಗೆ 9 ವರ್ಷ, ಆಟಿಸಂ ಇದೆ. ಫ್ಯಾನಿನ ಸ್ವಿಚ್ ಹಾಕುತ್ತಾ ಆರಿಸುತ್ತಾ ನಿಲ್ಲುತ್ತಾನೆ. ಊಟಕ್ಕೆ ಕರೆದರೆ ಕಿರುಚುತ್ತಾನೆ. ಇದು ಹಟವೇ? ಗದರಿಸಿ ಬಿಡಿಸಬಹುದೇ?
– ಒಬ್ಬ ತಾಯಿ, ಹಾಸನ

ಉತ್ತರ: ಹಟವಲ್ಲ ಅಮ್ಮಾ, ದಯವಿಟ್ಟು ಗದರಿಸಬೇಡಿ. ಹಿಡಿದ ಕೆಲಸದಿಂದ ಗಮನ ಕಿತ್ತು ಇನ್ನೊಂದಕ್ಕೆ ಹೊರಳಿಸುವುದೇ ಇಂಥ ಮಕ್ಕಳಿಗೆ ಕಷ್ಟ. ಇದನ್ನು ಅಳೆಯಲು ವಿಸ್ಕಾನ್ಸಿನ್ ಕಾರ್ಡ್ ಪರೀಕ್ಷೆ ಎಂಬುದಿದೆ: ಬಣ್ಣ, ಆಕಾರ ಅಥವಾ ಸಂಖ್ಯೆ ನೋಡಿ ಕಾರ್ಡ್ ಹೊಂದಿಸಬೇಕು. ಯಾವುದನ್ನು ನೋಡಬೇಕೆಂಬ ನಿಯಮ ಹೇಳುವುದಿಲ್ಲ, ‘ಸರಿ’ ಅಥವಾ ‘ತಪ್ಪು’ ಎಂದಷ್ಟೇ ಹೇಳುತ್ತಾರೆ. ಸತತ 10 ಸಲ ಸರಿಯಾದರೆ ನಿಯಮ ಸದ್ದಿಲ್ಲದೆ ಬದಲಾಗುತ್ತದೆ. ಆಟಿಸಂ ಇರುವ ಹಲವರು ‘ತಪ್ಪು’ ಎಂದು ಕೇಳಿಸಿಕೊಂಡ ಮೇಲೂ ಹಳೆಯ ನಿಯಮವನ್ನೇ ಹಿಡಿದಿರುತ್ತಾರೆ. ಪುನರಾವರ್ತನೆಗೆಲ್ಲ ಇದೊಂದೇ ಕಾರಣವಲ್ಲ. ತಿರುಗುವ ರೆಕ್ಕೆ ನೋಡುವುದೇ ಅವನಿಗೆ ಸಮಾಧಾನ ಕೊಡುತ್ತಿರಬಹುದು.

ಊಟಕ್ಕೆ 5 ನಿಮಿಷ ಮುಂಚೆ, ಅವನ ಕಣ್ಣಿಗೆ ಬೀಳುವಂತೆ ಮರಳು ಗಡಿಯಾರ ಇಡಿ. ಪಕ್ಕದಲ್ಲಿ ಎರಡು ಚಿತ್ರ: ಮೊದಲು ತಟ್ಟೆ, ಆಮೇಲೆ ಫ್ಯಾನು. ಮರಳು ಮುಗಿದಾಗ ಮಾತು ಬೇಡ, ತಟ್ಟೆಯ ಚಿತ್ರ ಕೈಗೆ ಕೊಡಿ. ಹೆಚ್ಚಿನ ಮನೆಗಳಲ್ಲಿ ಕೆಡುವುದು ಇಲ್ಲೇ: ಅತ್ತನೆಂದು ಇನ್ನೆರಡು ನಿಮಿಷ ಕೊಡುತ್ತಾರೆ, ಗಡಿಯಾರಕ್ಕೆ ಅರ್ಥವೇ ಉಳಿಯುವುದಿಲ್ಲ. ಉಂಡ ಮೇಲೆ ಫ್ಯಾನು ಕೊಡದಿದ್ದರೂ ಅಷ್ಟೇ, ಚಿತ್ರವನ್ನು ಅವನು ನಂಬುವುದಿಲ್ಲ.

ಕೈ ಬಡಿಯುವುದು, ತೂಗಾಡುವುದು ಯಾರಿಗೂ ನೋವು ಮಾಡದಿದ್ದರೆ ತಡೆಯಬೇಡಿ. ಆದರೆ ತಲೆ ಚಚ್ಚಿಕೊಳ್ಳುವುದು ಹಠಾತ್ತಾಗಿ ಶುರುವಾದರೆ ಮೊದಲು ಕಿವಿನೋವು, ಹಲ್ಲುನೋವು, ಮಲಬದ್ಧತೆ ಇದೆಯೇ ಎಂದು ವೈದ್ಯರಿಂದ ಪರೀಕ್ಷೆ ಮಾಡಿಸಿ. ನೋವನ್ನು ಹೇಳಲಾಗದ ಮಗು ಹೀಗೆ ತೋರಿಸುವುದುಂಟು.